ತೋಳಿಲ್ಲದ ಜಾಕೆಟ್ಟಿನ ಪಂಚಾಯ್ತಿ

(ಗ್ರೂಪಿನ ಹೆಸರು ‘ನಮ್ಮನೆ ಮಂದಿ’. ಭಾನುವಾರ ಬೆಳಿಗ್ಗೆ. ಹೆಸರುಗಳು ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೇ ಇವೆ.)

ದೊಡ್ಡಪ್ಪ, 6:12
(ವಿಡಿಯೊ, ಬಹಳ ಸಲ ಫಾರ್ವರ್ಡ್ ಆಗಿದ್ದು)
ತಂದೆ ತಾಯಂದಿರು ನೋಡಲೇಬೇಕು. ಕರಿ ಬಟ್ಟೆ ಹಾಕಿಕೊಂಡು ಒಬ್ಬರಿಗೊಬ್ಬರು ಗುದ್ದಾಡುತ್ತಿದ್ದಾರೆ, ಇದಕ್ಕೆ ಸಂಗೀತ ಅನ್ನುತ್ತಾರಂತೆ. ಕೈಯಲ್ಲಿ ಮಾಡುವ ಕೊಂಬಿನ ಗುರುತು ಸೈತಾನನದ್ದು. ಹಾಡನ್ನು ತಿರುಗಾ ಮುರುಗಾ ಹಾಕಿದರೆ ಕೆಟ್ಟ ಮಾತು ಕೇಳಿಸುತ್ತದೆ. ಮಕ್ಕಳ ಮೇಲೆ ಕಣ್ಣಿಡಿ. ಶುಭೋದಯ 🙏

ಚಿಕ್ಕಮ್ಮ
ಶುಭೋದಯ ಭಾವ 🙏

ಅಕ್ಕ
ದೊಡ್ಡಪ್ಪ, ಸರಿಯಾದ ಹೊತ್ತಿಗೆ ಹಾಕಿದಿರಿ.
(ಫೋಟೊ)
ಇದು ನೋಡಿ ನಮ್ಮನೆ ಕಥೆ. ಹೋದ ದೀಪಾವಳಿಗೆ ಇವರು ಕೊಡಿಸಿದ ಜೀನ್ಸ್ ಜಾಕೆಟ್. ಎರಡೂ ತೋಳು ಕತ್ತರಿಸಿ ಬಿಸಾಕಿದ್ದಾನೆ. ಬೆನ್ನಿಗೆ ಹೆಣದ ಮುಖ, ಎದೆಗೆ ಯಾವುದೋ ಬಳ್ಳಿ ಬಳ್ಳಿ ಅಕ್ಷರ, ಓದಲು ಬರುವುದಿಲ್ಲ. ಸೆಕೆಂಡ್ ಪಿಯುಸಿ ಹುಡುಗ. ಮೂರು ಹೊತ್ತೂ ರೂಮಿನ ಬಾಗಿಲು ಹಾಕಿರುತ್ತಾನೆ.

ಭಾವ
ಜಾಕೆಟ್ ಹೋಗಲಿ. ಕತ್ತರಿ ಎಲ್ಲಿಟ್ಟಿದ್ದಾನೆ ಕೇಳು, ಮೂರು ದಿನದಿಂದ ಹುಡುಕುತ್ತಿದ್ದೇನೆ.

ನಾನು
ಶುಭೋದಯ. ಆ ಹೆಣದ ಮುಖದ ಹೆಸರು ಎಡ್ಡಿ. ಐರನ್ ಮೇಡನ್ ಅಂತ ಹೆವಿ ಮೆಟಲ್ ಬ್ಯಾಂಡ್, ಅಬ್ಬರದ ರಾಕ್ ಸಂಗೀತದ್ದು, ಅದರ ಗುರುತಿನ ವೇಷ ಅವನು. ನನಗೆ ಹಳೇ ಪರಿಚಯ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಅವನನ್ನು ನೋಡಿದ್ದೇನೆ, ಆಗ ನನಗೆ 22.

ಅಕ್ಕ
ಯಾವಾಗ?? ಆ ವರ್ಷ ನೀನು ಪಿಜಿಯಲ್ಲಿದ್ದೆ, ಅಲ್ವಾ? ಗೆಳತಿ ಮದುವೆ ಅಂತ ಹೇಳಿದ್ದೆ.

ಅಮ್ಮ
ನನಗೆ ಆಗಲೇ ಗೊತ್ತಿತ್ತು. ಮದುವೆಗೆ ಕರಿ ಅಂಗಿ ಹಾಕಿಕೊಂಡು ಯಾರು ಹೋಗುತ್ತಾರೆ.

ದೊಡ್ಡಪ್ಪ
ಓದಿದ ಹುಡುಗಿ ನೀನು. ಆ ವಿಡಿಯೊ ಪೂರ್ತಿ ನೋಡಿದೆಯಾ?

ನಾನು
ನೋಡಿದೆ ದೊಡ್ಡಪ್ಪ. ಆ ಗುದ್ದಾಟಕ್ಕೆ ಮಾಷ್ ಪಿಟ್ ಅನ್ನುತ್ತಾರೆ. ಹೊರಗಿನಿಂದ ನೋಡಿದರೆ ಜಗಳದ ಹಾಗೇ ಕಾಣುತ್ತದೆ, ಸುಳ್ಳು ಹೇಳುವುದಿಲ್ಲ. ಒಳಗಿನದ್ದು ಒಂದು ಹೇಳುತ್ತೇನೆ ಕೇಳಿ. 2011ರ ಅಕ್ಟೋಬರ್ 30, ಅದೇ ಮೈದಾನ, ಅಮೆರಿಕದ ಮೆಟಾಲಿಕಾ ಬ್ಯಾಂಡ್. ನೆಲ ಪೂರ್ತಿ ಕೆಸರು. ಮೂರನೇ ಹಾಡಿಗೋ ನಾಲ್ಕನೇ ಹಾಡಿಗೋ ನನ್ನ ಕನ್ನಡಕ ಹಾರಿಹೋಯಿತು. ಮೈನಸ್ ನಾಲ್ಕು ನನಗೆ, ಎದುರು ಇರುವುದು ಮನುಷ್ಯನೋ ಕಂಬವೋ ಗೊತ್ತಾಗುವುದಿಲ್ಲ. ನಾನು ಬಗ್ಗಿದ್ದೇ ತಡ, ಪಕ್ಕದಲ್ಲಿದ್ದ ನಾಲ್ಕು ಜನ ಕೈ ಅಗಲ ಮಾಡಿ ಬೆನ್ನು ಕೊಟ್ಟು ನಿಂತರು, ಹಿಂದಿನಿಂದ ಬರುವ ಗುದ್ದೆಲ್ಲ ಅವರ ಬೆನ್ನಿಗೇ. ಒಬ್ಬ ಮೊಬೈಲ್ ಬೆಳಕು ಬಿಟ್ಟ. ಮೈತುಂಬಾ ಹಚ್ಚೆ, ಮೂಗಿಗೆ ರಿಂಗು, ಆ ಪುಣ್ಯಾತ್ಮ ಕೆಸರಿನಿಂದ ಕನ್ನಡಕ ತೆಗೆದು ತನ್ನ ಟೀ ಶರ್ಟಿನ ಒಳಬದಿಯಿಂದ ಒರೆಸಿ ಕೊಟ್ಟ. ಮತ್ತೆ ಗುದ್ದಾಟ ಶುರು. ಬಿದ್ದವರನ್ನು ಮೊದಲು ಎತ್ತಬೇಕು, ಉಳಿದದ್ದು ಆಮೇಲೆ. ಯಾರೂ ಬರೆದಿಟ್ಟಿಲ್ಲ, ಆದರೆ ಅಲ್ಲಿ ಎಲ್ಲರಿಗೂ ಗೊತ್ತು. ನಮ್ಮ ಸಿಟಿ ಬಸ್ಸಿನಲ್ಲಿ ಬಿದ್ದು ನೋಡಿ ಒಂದು ದಿನ.

ಭಾವ
ಅದೇ ಮೆಟಾಲಿಕಾ ಅದಕ್ಕೆ ಎರಡು ದಿನ ಮುಂಚೆ ಗುರುಗಾಂವ್‌ನಲ್ಲಿ ಆಡಬೇಕಿತ್ತಲ್ಲ? ಜನ ನುಗ್ಗಿ ಸ್ಟೇಜ್ ಹಾಳು ಮಾಡಿ ಕಾರ್ಯಕ್ರಮವೇ ರದ್ದಾಯಿತು. ಅದನ್ನು ಹೇಳಲೇ ಇಲ್ಲ ನೀನು.

ನಾನು
ನಿಜ ಭಾವ. ಅಲ್ಲಿ ಅವ್ಯವಸ್ಥೆಯೂ ಇತ್ತು, ಜನರ ತಪ್ಪೂ ಇತ್ತು. ಬೆಂಗಳೂರಿನಲ್ಲಿ ಹಾಗಾಗಲಿಲ್ಲ, ನಾನು ಅಲ್ಲೇ ಇದ್ದೆ.

ಭಾವ
ಇನ್ನೂ ಇದೆ. ನಾರ್ವೆಯ ಮೆಟಲ್‌ನವರು. 1992ರಲ್ಲಿ ಬೆರ್ಗೆನ್ ಹತ್ತಿರ ಹಳೇ ಮರದ ಚರ್ಚ್ ಸುಟ್ಟರು. ಆಮೇಲೆ ಸಾಲಾಗಿ ಇನ್ನಷ್ಟು. 1993ರಲ್ಲಿ ಒಬ್ಬ ಸಂಗೀತಗಾರ ಇನ್ನೊಬ್ಬನನ್ನು ಚೂರಿಯಿಂದ ಇರಿದು ಕೊಂದ, 21 ವರ್ಷ ಶಿಕ್ಷೆ ಆಯಿತು. ದೊಡ್ಡಪ್ಪನ ಫಾರ್ವರ್ಡ್ ಸುಳ್ಳಿರಬಹುದು, ಇದು ಸುಳ್ಳಲ್ಲ. ನನ್ನ ಮಗ ಬಾಗಿಲು ಹಾಕಿಕೊಂಡು ಏನು ಕೇಳುತ್ತಾನೆ ಅಂತ ಹುಡುಕಿದಾಗ ಸಿಕ್ಕಿದ್ದು. ರಾತ್ರಿ ನಿದ್ದೆ ಬರಲಿಲ್ಲ ನನಗೆ.

ಪುಟ್ಟ
ಅಪ್ಪಾ ಅದು ಬ್ಲ್ಯಾಕ್ ಮೆಟಲ್, ಬೇರೆ ಬಗೆ. ನಾನು ಕೇಳುವುದು ಥ್ರಾಶ್ ಮೆಟಲ್, ಡೆತ್ ಮೆಟಲ್.

ಭಾವ
ಡೆತ್ ಅಂತೆ. ಕೇಳಿಸಿಕೊಳ್ಳಿ ಎಲ್ಲರೂ.

ಪುಟ್ಟ
ಈ ಸಂದೇಶವನ್ನು ಅಳಿಸಲಾಗಿದೆ

ಅಕ್ಕ
ಏನು ಅಳಿಸಿದೆ? ರೂಮಿನಿಂದ ಹೊರಗೆ ಬಂದು ಹೇಳು.

ನಾನು
ಭಾವ, ನಿಮ್ಮ ಹೆದರಿಕೆಗೆ ಕಾರಣ ಇದೆ. ಅದನ್ನು ಮುಚ್ಚಿಡುವುದಿಲ್ಲ. ಆ ಕೊಲೆ ಮಾಡಿದವನ ಹಾಡು ನಾನು ಕೇಳುವುದಿಲ್ಲ. ಹಾಡು ಬೇರೆ ಮನುಷ್ಯ ಬೇರೆ ಅನ್ನುವವರ ಜೊತೆ ಹಳೇ ಜಗಳ ನನ್ನದು, ಹದಿನೈದು ವರ್ಷದಿಂದ ನಡೆದಿದೆ, ಇಬ್ಬರು ಗೆಳೆಯರು ಮಾತು ಬಿಟ್ಟಿದ್ದಾರೆ. ಒಂದು ಬಗೆ ಸಂಗೀತ ಇಷ್ಟಪಟ್ಟರೆ ಅದರಲ್ಲಿ ಇರುವ ಕೊಳಕನ್ನೂ ತಲೆಮೇಲೆ ಹೊತ್ತುಕೊಳ್ಳಬೇಕು ಅಂತೇನಿಲ್ಲ. ಪುಟ್ಟನಿಗೆ ಅದನ್ನು ಹೇಳಿಕೊಡಬೇಕು ಅಂದರೆ ಮೊದಲು ಅವನು ಏನು ಕೇಳುತ್ತಾನೆ ಅಂತ ಅವನ ಹತ್ತಿರವೇ ಕೇಳಬೇಕು. ಮಧ್ಯರಾತ್ರಿ ಗೂಗಲ್ ಹತ್ತಿರ ಅಲ್ಲ.

ದೊಡ್ಡಪ್ಪ
ಕೊಂಬಿನ ಗುರುತಿನ ಬಗ್ಗೆ ಮಾತೇ ಇಲ್ಲ.

ನಾನು
ಬಂದೆ. ಅದನ್ನು ಮೆಟಲ್ ಸ್ಟೇಜಿನ ಮೇಲೆ ಜನಪ್ರಿಯ ಮಾಡಿದವನು ರಾನಿ ಜೇಮ್ಸ್ ಡಿಯೊ, ಬ್ಲ್ಯಾಕ್ ಸಬ್ಬತ್ ಬ್ಯಾಂಡಿನಲ್ಲಿ ಹಾಡುತ್ತಿದ್ದ. ಅವನಿಗೆ ಅದು ಬಂದದ್ದು ಅಜ್ಜಿಯಿಂದ. ಇಟಲಿ ಮೂಲದ ಅಜ್ಜಿ, ಕೆಟ್ಟ ಕಣ್ಣು ತಾಗದಿರಲಿ ಅಂತ ಬೀದಿಯಲ್ಲಿ ಹಾಗೆ ಬೆರಳು ಮಾಡುತ್ತಿದ್ದಳು. ನಮ್ಮ ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾಳಲ್ಲ, ಅದೇ ಕೆಲಸ.
ಹಾಡಿನಲ್ಲಿ ಕೆಟ್ಟ ಮಾತು ಅಡಗಿದೆ ಅನ್ನುವ ವಿಷಯಕ್ಕೆ ಅಮೆರಿಕದ ನೆವಾಡಾದಲ್ಲಿ ಕೋರ್ಟ್ ಕೇಸೇ ನಡೆದಿತ್ತು, ಜೂಡಸ್ ಪ್ರೀಸ್ಟ್ ಬ್ಯಾಂಡ್ ಮೇಲೆ. 1990ರಲ್ಲಿ ಬ್ಯಾಂಡ್ ಪರವಾಗಿ ತೀರ್ಪಾಯಿತು.

ಚಿಕ್ಕಮ್ಮ
ತಿಂಡಿ ಆಯ್ತಾ ಎಲ್ಲರದ್ದೂ? ನಮ್ಮಲ್ಲಿ ಇವತ್ತು ನೀರುದೋಸೆ.

ದೊಡ್ಡಪ್ಪ
ಇರಲಿ. ಸೈತಾನ ಇಲ್ಲ ಅಂತಲೇ ಇಟ್ಟುಕೊಳ್ಳೋಣ. ಸಂಗೀತ ಎಲ್ಲಿದೆ ಅದರಲ್ಲಿ? ಗದ್ದಲ. ಹಂದಿ ಹೊಡೆಯುವಾಗ ಬರುವ ಸದ್ದು. ಒಂದು ಪದ ಅರ್ಥ ಆಗುವುದಿಲ್ಲ.

ನಾನು
ದೊಡ್ಡಪ್ಪ, ನಿಮ್ಮ ಮನೆ ಅಟ್ಟದ ಮೇಲೆ ಒಂದು ಟ್ರಂಕ್ ಇದೆ. ನೆನಪಿದೆಯಾ? ನಾನು ಏಳನೇ ಕ್ಲಾಸಿನ ರಜಕ್ಕೆ ಬಂದಾಗ ಅದನ್ನು ಬಿಚ್ಚಿ ಬೈಸಿಕೊಂಡಿದ್ದೆ. ಒಳಗೆ ಪೂರ್ತಿ ಕ್ಯಾಸೆಟ್. ಪ್ರತಿಯೊಂದರ ಮೇಲೂ ನಿಮ್ಮ ಅಕ್ಷರ, ಪ್ರಸಂಗ, ಊರು, ತಾರೀಕು, ಭಾಗವತರು ಯಾರು, ಚಂಡೆ ಯಾರು. ಟೇಪ್ ರೆಕಾರ್ಡರ್ ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ರಂಗಸ್ಥಳದ ಮುಂದೆ ಇಟ್ಟು ರಾತ್ರಿಯಿಡೀ ಆಟ ತುಂಬಿಸಿಕೊಂಡು ಬರುತ್ತಿದ್ದಿರಿ. ಅರ್ಧ ಗಂಟೆಗೊಮ್ಮೆ ಕ್ಯಾಸೆಟ್ ತಿರುಗಿಸಲು ಎಚ್ಚರ ಇರಬೇಕು ಅಂತ ಚಾ ಕುಡಿದು ಕುಡಿದು ಹೊಟ್ಟೆ ಹುಣ್ಣು ಮಾಡಿಕೊಂಡವರು ನೀವು. ಕುಂದಾಪುರದ ಯಾರಿಗೋ ಒಂದು ಕಾಪಿ, ಅವರಿಂದ ನಿಮಗೆ ಒಂದು ಕಾಪಿ.
ಈ ಮೆಟಲ್ ಬೆಳೆದದ್ದು ಹಾಗೇ. ಮೆಟಾಲಿಕಾದವರು 1982ರಲ್ಲಿ ಡೆಮೊ ಕ್ಯಾಸೆಟ್ ಮಾಡಿದಾಗ ಯಾವ ಕಂಪನಿಯೂ ಬೆನ್ನಿಗಿರಲಿಲ್ಲ. ನಿಮ್ಮಂಥವರೇ ಕಾಪಿ ಮಾಡಿ ಅಂಚೆಯಲ್ಲಿ ಕಳಿಸಿ ಕಳಿಸಿ ದೇಶ ದೇಶಕ್ಕೆ ಹಂಚಿದರು.

ದೊಡ್ಡಪ್ಪ
ಯಕ್ಷಗಾನಕ್ಕೂ ಇದಕ್ಕೂ ಹೋಲಿಸಬೇಡ. ಅಲ್ಲಿ ಕಥೆ ಇದೆ, ಅರ್ಥಗಾರಿಕೆ ಇದೆ, ತಾಳ ಇದೆ.

ನಾನು
ಇಲ್ಲೂ ತಾಳ ಇದೆ, ನಿಮ್ಮ ಚಂಡೆಯವರು ಕೂತು ಲೆಕ್ಕ ಹಾಕಬೇಕು, ಅಷ್ಟು ತಿರುಚುತ್ತಾರೆ ಕೆಲವರು. ಗದ್ದಲ ಅಂದಿರಲ್ಲ, ಬಣ್ಣದ ವೇಷ ಆರ್ಭಟೆ ಕೊಟ್ಟುಕೊಂಡು ಬರುವಾಗ ಯಾವ ಪದ ಅರ್ಥ ಆಗುತ್ತದೆ? ನಾನು ಚಿಕ್ಕವಳಿದ್ದಾಗ ಹೆದರಿ ನಿಮ್ಮ ಶಾಲಿನೊಳಗೆ ಮುಖ ಮುಚ್ಚಿಕೊಂಡಿದ್ದೆ. ನೀವು ‘ಹೆದರಬೇಡ, ನೋಡು, ಹೆದರಿಸುವುದೇ ಅವನ ವಿದ್ಯೆ’ ಅಂದಿರಿ. ಅದನ್ನೇ ನಾನು ಈಗ ನಿಮಗೆ ಹೇಳುತ್ತಿದ್ದೇನೆ. ಈ ಗೊಗ್ಗರು ದನಿ ಸುಮ್ನೆ ಕಿರುಚಿದರೆ ಬರುವುದಿಲ್ಲ, ಗಂಟಲು ಹರಿದುಹೋಗುತ್ತದೆ. ಹೊಟ್ಟೆಯಿಂದ ಉಸಿರು ತರಬೇಕು, ವರ್ಷಗಟ್ಟಲೆ ಸಾಧನೆ.

ದೊಡ್ಡಪ್ಪ
ನಾನು ಹಾಗೆ ಹೇಳಿದ್ದೆನಾ? ನೆನಪಿಲ್ಲ.

ಭಾವ
ವಿದ್ಯೆ ಅಂತೂ ಆಯಿತು. ಈ ವಿದ್ಯೆಗೆ ಸಿಇಟಿಯಲ್ಲಿ ರ‍್ಯಾಂಕ್ ಕೊಡುತ್ತಾರಾ?

ಅಕ್ಕ
ಅದೇ. ನೀನು ಏನು ಬೇಕಾದರೂ ಹೇಳು, ನನ್ನ ಚಿಂತೆ ಬೇರೆ. 2025ರ ಜುಲೈನಲ್ಲಿ ಯಾರೋ ಒಬ್ಬ ಸತ್ತ ಅಂತ ಇವನು ಎರಡು ದಿನ ಊಟ ಬಿಟ್ಟ. ಕಂಡಿಲ್ಲ, ಕೇಳಿಲ್ಲ, ಯಾವ ಊರಿನವನೋ.

ಪುಟ್ಟ
ಆಜಿ ಆಸ್ಬರ್ನ್ ಅಮ್ಮಾ. ಬ್ಲ್ಯಾಕ್ ಸಬ್ಬತ್‌ನ ಮೊದಲ ಹಾಡುಗಾರ. ಬರ್ಮಿಂಗ್‌ಹ್ಯಾಂ. ಯಾರೋ ಒಬ್ಬ ಅಲ್ಲ

ನಾನು
ಅಕ್ಕ, 1990ರಲ್ಲಿ ಯಕ್ಷಗಾನದ ಭಾಗವತರು ಕಾಳಿಂಗ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಈ ಮನೆಯಲ್ಲಿ ಯಾರು ಎಷ್ಟು ದಿನ ಊಟ ಬಿಟ್ಟಿದ್ದರು ಅಂತ ಅಮ್ಮನನ್ನು ಕೇಳು.

ಅಮ್ಮ
ನಿಮ್ಮ ದೊಡ್ಡಪ್ಪ ಕೊಟ್ಟಿಗೆಯಲ್ಲಿ ಕೂತು ಅತ್ತಿದ್ದರು. ಹಾಲು ಕರೆಯಲು ಹೋದವಳು ನೋಡಿ ವಾಪಸ್ ಬಂದೆ.

ದೊಡ್ಡಪ್ಪ
ಅದು ಬೇರೆ ವಿಷಯ.

ನಾನು
ಹ್ಞೂಂ, ಬೇರೆ. ನಿಮಗೆ ನಾವಡರ ಸ್ವರ ಎದುರಿಗೇ ಕೇಳಿ ಗೊತ್ತಿತ್ತು, ಇವನಿಗೆ ಇಯರ್‌ಫೋನ್ ಒಂದೇ. ಅಷ್ಟು ವ್ಯತ್ಯಾಸ ಒಪ್ಪುತ್ತೇನೆ. ಆದರೆ ನಾವಡರು ಹೊಸ ರಾಗ ತಂದಾಗ ‘ಇದು ಯಕ್ಷಗಾನವೇ ಅಲ್ಲ’ ಅಂದವರ ಜೊತೆ ನೀವು ಜಗಳ ಆಡುತ್ತಿದ್ದಿರಿ ಅಂತ ಅಪ್ಪ ಹೇಳುತ್ತಿದ್ದರು.

(ಹನ್ನೊಂದು ನಿಮಿಷ ಯಾರೂ ಏನೂ ಬರೆಯಲಿಲ್ಲ. ದೊಡ್ಡಪ್ಪ ಟೈಪ್ ಮಾಡುತ್ತಿದ್ದರು, ನಿಲ್ಲಿಸುತ್ತಿದ್ದರು.)

ಪುಟ್ಟ
ಚಿಕ್ಕಿ ಇಯೋಮಿ ಕಥೆ ಹೇಳು

ನಾನು
ನೀನೇ ಹೇಳಬಾರದಾ?

ಪುಟ್ಟ
ನಾನು ಹೇಳಿದರೆ ಕೇಳಲ್ಲ ಯಾರೂ

ನಾನು
ಸರಿ. ಟೋನಿ ಇಯೋಮಿ, ಗಿಟಾರ್ ನುಡಿಸುವ ಬರ್ಮಿಂಗ್‌ಹ್ಯಾಂನ ಹುಡುಗ, ತಗಡಿನ ಫ್ಯಾಕ್ಟರಿಯಲ್ಲಿ ಕೆಲಸ. 17 ವರ್ಷ, ಸರಿಯಾಗಿ ಪುಟ್ಟನ ವಯಸ್ಸು. ಬ್ಯಾಂಡ್ ಸೇರಲು ಕೆಲಸ ಬಿಟ್ಟಿದ್ದ, ಅದೇ ಕೊನೇ ದಿನ. ಮಿಷನ್ನಿಗೆ ಬಲಗೈ ಸಿಕ್ಕಿ ಎರಡು ಬೆರಳಿನ ತುದಿ ಹೋಯಿತು. ಅವನು ಎಡಚ, ಅಂದರೆ ತಂತಿ ಒತ್ತುವ ಕೈಯೇ ಹೋಯಿತು. ಮೇಸ್ತ್ರಿ ಬಂದು ಜಾಂಗೋ ರೈನ್‌ಹಾರ್ಟ್ ರೆಕಾರ್ಡ್ ಕೇಳಿಸಿದ, ಬೆಂಕಿಯಲ್ಲಿ ಕೈ ಸುಟ್ಟುಕೊಂಡು ಎರಡೇ ಬೆರಳಲ್ಲಿ ಗಿಟಾರ್ ನುಡಿಸಿದವನು ಆತ. ಈ ಹುಡುಗ ಮನೆಗೆ ಹೋಗಿ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಹಳೇ ಜಾಕೆಟ್ಟಿನ ಚರ್ಮ ಅಂಟಿಸಿದ. ಆದರೂ ತಂತಿ ಬಿಗಿ ಇದ್ದರೆ ಒತ್ತಲು ನೋವು. ಅದಕ್ಕೆ ತೆಳು ತಂತಿ ಹಾಕಿದ, ಮುಂದೆ ಶ್ರುತಿಯನ್ನೇ ಇಳಿಸಿದ. ಶ್ರುತಿ ಇಳಿದಾಗ ಆ ಭಾರದ ಸದ್ದು ಬಂತು, ದೊಡ್ಡಪ್ಪ ಗದ್ದಲ ಅಂದರಲ್ಲ, ಅದು. ಅವನ ಬ್ಯಾಂಡ್ ಬ್ಲ್ಯಾಕ್ ಸಬ್ಬತ್ತಿನ ಮೊದಲ ರೆಕಾರ್ಡ್ 1970ರಲ್ಲಿ, ಶ್ರುತಿ ಇಳಿಸಿದ್ದು ಅದಾದ ಮೇಲೆ. ಫ್ಯಾಕ್ಟರಿ ಊರಿನ ನಾಲ್ಕು ಹುಡುಗರು, ಹಾಡಿದ ಆಜಿ ಕಸಾಯಿಖಾನೆಯಲ್ಲೂ ಕೆಲಸ ಮಾಡಿದವನು. ಹೂವು ಹಣ್ಣು ಅಂತ ಹಾಡುವ ಬದುಕು ಅವರದ್ದಾಗಿರಲಿಲ್ಲ.

ಭಾವ
ಬೆರಳಿನ ವಿಷಯ ಗೊತ್ತಿರಲಿಲ್ಲ.

ಅಣ್ಣ (ಹ್ಯಾಂಬರ್ಗ್)
ಎದ್ದೆ ಈಗ. 74 ಮೆಸೇಜ್!! ಯಾರಿಗಾದರೂ ಹುಷಾರಿಲ್ಲ ಅಂತ ಗಾಬರಿಯಾಯಿತು.
ಅಪ್ಪಾ, ನಿಮಗೊಂದು ವಿಷಯ ಹೇಳಿರಲಿಲ್ಲ. ನಾನು ಪ್ರತಿ ಆಗಸ್ಟ್ ಶುರುವಿಗೆ ‘ಆಫೀಸ್ ಟೂರ್’ ಅಂತೀನಲ್ಲ, ಅದು ಟೂರ್ ಅಲ್ಲ. ಇಲ್ಲಿಂದ ಒಂದು ಗಂಟೆ ದಾರಿಯಲ್ಲಿ ವಾಕೆನ್ ಅಂತ ಹಳ್ಳಿ, ಎರಡು ಸಾವಿರ ಜನ, ದನ, ಹುಲ್ಲು. 1990ರಿಂದ ಅಲ್ಲಿ ಮೆಟಲ್ ಜಾತ್ರೆ. ಎಂಬತ್ತು ಸಾವಿರದ ಮೇಲೆ ಜನ ಸೇರುತ್ತಾರೆ. ಅಜ್ಜಿಯಂದಿರು ಮನೆ ಮುಂದೆ ಕಾಫಿ ಕೇಕ್ ಇಟ್ಟು ಮಾರುತ್ತಾರೆ. ಊರಿನ ಫೈರ್ ಬ್ರಿಗೇಡ್ ಬ್ಯಾಂಡ್ ತುತ್ತೂರಿ ಊದುತ್ತದೆ. 2023ರಲ್ಲಿ ಮಳೆಗೆ ಹೊಲವೆಲ್ಲ ಕೆಸರಾಗಿ ಗೇಟ್ ಮುಚ್ಚಿದರು. ನಾನು ಅರ್ಧ ದಾರಿಯಿಂದ ವಾಪಸ್ ಬಂದೆ, ನೀವು ಫೋನ್ ಮಾಡಿ ‘ಟೂರ್ ಬೇಗ ಮುಗೀತಾ’ ಅಂದಿರಿ.

ದೊಡ್ಡಪ್ಪ
ನೀನೂನಾ

ನಾನು
ಬೆಂಗಳೂರಿನ ಕ್ರಿಪ್ಟಾಸ್ ಬ್ಯಾಂಡ್ 2013ರಲ್ಲಿ ಅಲ್ಲಿ ಆಡಿದೆ ದೊಡ್ಡಪ್ಪ. ನಮ್ಮ ಊರಿನ ಹುಡುಗರು, 1998ರಿಂದ ನುಡಿಸುತ್ತಿದ್ದಾರೆ. ಹೊಟ್ಟೆಪಾಡಿಗೆ ಬೇರೆ ಕೆಲಸ, ರಾತ್ರಿ ಇದು. ಯಕ್ಷಗಾನದ ಹವ್ಯಾಸಿಗಳ ಹಾಗೆ.

ಅಣ್ಣ (ಹ್ಯಾಂಬರ್ಗ್)
ಪುಟ್ಟಾ ಜಾಕೆಟ್ ಸೂಪರ್. ಹೊಲಿಗೆ ತುಂಬ ಚೆನ್ನಾಗಿದೆ, ಯಾರು ಮಾಡಿದ್ದು? ಇಲ್ಲಿ ಅದಕ್ಕೆ ಕುಟ್ಟೆ ಅಂತಾರೆ. ಒಂದೊಂದು ಪ್ಯಾಚಿಗೂ ಒಂದು ಕಾರ್ಯಕ್ರಮದ ನೆನಪು. ಅದನ್ನು ಒಗೆಯುವುದೇ ಇಲ್ಲ ಕೆಲವರು, ಇಪ್ಪತ್ತು ವರ್ಷದ ಬೆವರು ಬಿಯರು ಎಲ್ಲ ಇರುತ್ತದೆ.

ಚಿಕ್ಕಮ್ಮ
ಛೀ. ನೀರುದೋಸೆ ತಿನ್ನುತ್ತಿದ್ದೆ.

ಅಮ್ಮ
ಹೊಲಿದದ್ದು ನಾನು. ಹುಡುಗ ಗೋಂದು ಹಚ್ಚುತ್ತಿದ್ದ, ನಿಲ್ಲುವುದಿಲ್ಲ ಅಂತ ಕಸಿದುಕೊಂಡೆ. ಬೆನ್ನಿನ ಆ ದೊಡ್ಡದಕ್ಕೆ ಎರಡು ಮಧ್ಯಾಹ್ನ ಬೇಕಾಯಿತು. ರಾಕ್ಷಸ ವೇಷವೇ. ಹಲ್ಲು ಚೆನ್ನಾಗಿ ಬರೆದಿದ್ದಾರೆ.

ಅಕ್ಕ
ಅಮ್ಮಾ!! ನೀನು ಹೊಲಿದದ್ದಾ? ನನಗೊಂದು ಮಾತು ಹೇಳಲಿಲ್ಲ.

ಅಮ್ಮ
ನೀನು ಕೇಳಲಿಲ್ಲ. ಅವನು ಹೊಲಿಗೆ ಮುಗಿಯುವ ತನಕ ಪಕ್ಕದಲ್ಲಿ ಕೂತು ಎಲ್ಲ ಹೇಳಿದ. ಯಾವುದು ಯಾವ ಊರಿನದ್ದು, ಯಾರು ಸತ್ತರು, ಯಾರು ಕುಡಿತ ಬಿಟ್ಟರು. ನನಗೆ ಹೊತ್ತು ಹೋಯಿತು.

ಅಕ್ಕ
ಸರಿ. ಆದರೆ ಪರೀಕ್ಷೆ ಮುಗಿಯುವ ತನಕ ರಾತ್ರಿ ಹತ್ತರ ಮೇಲೆ ಇಲ್ಲ. ಬಾಗಿಲೂ ಹಾಕುವ ಹಾಗಿಲ್ಲ. ಇದರಲ್ಲಿ ನಿಮ್ಮ ಯಾರ ಭಾಷಣವೂ ಬೇಡ.

ಪುಟ್ಟ
ಹನ್ನೊಂದು

ಅಕ್ಕ
ಹತ್ತು.

ದೊಡ್ಡಪ್ಪ
ಪುಟ್ಟಾ, ಆ ಇಳಿಸಿದ ಶ್ರುತಿಯದ್ದು ಒಂದು ಕಳಿಸು. ಕಿರುಚಾಟ ಇಲ್ಲದ್ದು. ಮೂರು ನಿಮಿಷಕ್ಕಿಂತ ಜಾಸ್ತಿ ಬೇಡ. ನನ್ನ ನಂಬರಿಗೆ ಕಳಿಸು, ಇಲ್ಲಿ ಬೇಡ.

ಪುಟ್ಟ
ಮೂರು ನಿಮಿಷದ್ದು ಕಷ್ಟ ದೊಡ್ಡಜ್ಜ. ಆರು ಆಗಬಹುದಾ? ನಾವಡರ ಕ್ಯಾಸೆಟ್ ಒಂದು ಕೊಡ್ತೀರಾ, ಡಿಜಿಟಲ್ ಮಾಡಿಕೊಡುತ್ತೇನೆ

ದೊಡ್ಡಪ್ಪ
ಟ್ರಂಕ್ ಮುಟ್ಟಬಾರದು. ನೀನೇ ಊರಿಗೆ ಬಾ, ನಾನು ಎದುರಿಗೆ ಕೂತಿರುತ್ತೇನೆ.

ಅಮ್ಮ
ಅಂದ ಹಾಗೆ ಆ ಜಾಕೆಟ್ ಮಣ್ಣು ಮಣ್ಣಾಗಿತ್ತು. ಬೆಳಿಗ್ಗೆ ಸರ್ಫ್‌ನಲ್ಲಿ ನೆನೆಹಾಕಿ ಕಲ್ಲಿಗೆ ನಾಲ್ಕು ಬಡಿದು ಒಣಗಲು ಹಾಕಿದ್ದೇನೆ.

ಪುಟ್ಟ
ಅಜ್ಜೀೀೀೀ