ಅಪ್‌ಡೇಟ್: ನಾಲ್ಕು ದಾರದ ಗಾಳಿಪಟ, ಕೊನೆಗೆ ಅಗ್ಗದ್ದೇ ತಗೊಂಡೆ

ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ಆಡಿಸುವ ನಾಲ್ಕು ದಾರದ ಪಟ ಅಗ್ಗದ್ದು ಸಾಕಾ, ರೆವಲ್ಯೂಷನ್ ಕಂಪನಿಯದ್ದರಂಥ ದುಬಾರಿಯದೇ ಬೇಕಾ ಅಂತ ಕೇಳಿದ್ದೆ ಅಲ್ವಾ? ಅಗ್ಗದ್ದು ತಗೊಂಡೆ.

ಮೊದಲ ದಿನ ಮುನಿರಾಬಾದ್ ಹತ್ತಿರದ ಬಯಲಲ್ಲಿ ಏರಿಸಿದೆ. ಎಡಕ್ಕೇ ಗಿರಗಿರ ಸುತ್ತಿ ದೊಪ್ಪಂತ ಬಿತ್ತು. ಹತ್ತು ಸಲ! ಕುರಿ ಕಾಯುತ್ತಿದ್ದ ಅಜ್ಜ "ಬಾಲಂಗೋಚಿ ಕಟ್ಟಪಾ ತಮ್ಮಾ" ಅಂದರು. ನಿಮ್ಮಲ್ಲೊಬ್ಬರು ಹೇಳಿದ್ದು ನೆನಪಾಗಿ, ನಾಲ್ಕೂ ದಾರ ಒಂದೇ ಗೂಟಕ್ಕೆ ಸಿಕ್ಕಿಸಿ ಎಳೆದು ನೋಡಿದೆ. ಒಂದು ದಾರ ನಾಲ್ಕು ಬೆರಳು ಗಿಡ್ಡ. ಸರಿಮಾಡಿದ ಮೇಲೆ ಪಟ ನಿಂತಲ್ಲೇ ನಿಂತಿತು, ಹಿಂದಕ್ಕೂ ಹೋಯಿತು.

ಆಮೇಲೆ ಗೆಳೆಯನ ದುಬಾರಿ ಪಟ ಹಿಡಿದೆ. ವ್ಯತ್ಯಾಸ ಇದೆ, ಸುಮ್ನೆ ಯಾಕೆ ಸುಳ್ಳು ಹೇಳಲಿ. ಅದರ ಕಡ್ಡಿ ಕಾರ್ಬನ್, ಸಣ್ಣ ಗಾಳಿಗೂ ಏಳುತ್ತದೆ. ನನ್ನದು ಫೈಬರ್‌ಗ್ಲಾಸ್, ಭಾರ ಜಾಸ್ತಿ. ಅದರ ದಾರ ಡೈನೀಮಾ ಅನ್ನೋ ಗಟ್ಟಿ ಕೃತಕ ನೂಲಿನದು, ಹಿಗ್ಗುವುದೇ ಇಲ್ಲ ಅನ್ನಬಹುದು. ಮಣಿಕಟ್ಟು ಆಡಿಸಿದ ಕ್ಷಣವೇ ಪಟ ತಿರುಗುತ್ತದೆ, ನಾಲ್ಕೈದು ಸುತ್ತು ಹೆಣೆದುಕೊಂಡರೂ ದಾರ ನುಣ್ಣಗೆ ಜಾರುತ್ತದೆ. ನನ್ನ ಪಾಲಿಯೆಸ್ಟರ್ ದಾರ ಹಿಗ್ಗಿ, ಪಟ ಯೋಚನೆ ಮಾಡಿ ತಿರುಗುತ್ತದೆ!

ಸದ್ಯಕ್ಕೆ ದಾರ ಮಾತ್ರ ಬದಲಾಯಿಸುತ್ತೇನೆ. ಆಷಾಢದ ಗಾಳಿ ಇರುವವರೆಗೆ ಈ ಕಡ್ಡಿ ನಡೆಯುತ್ತದೆ. ಜಾಲಿ ಮುಳ್ಳಿಗೆ ಹರಿದ ಪಟದ ಬಟ್ಟೆಗೆ ಟೇಪ್ ಹಚ್ಚಿದ್ದೇನೆ. ದುಬಾರಿಯದಾಗಿದ್ದರೆ ಅಲ್ಲೇ ಕೂತು ಅಳುತ್ತಿದ್ದೆ.