ಮುಕ್ತ ತಂತ್ರಾಂಶಕ್ಕೆ ದುಡಿಯುವವರ ಮನೆ ನಡೆಯುವುದು ಹೇಗೆ?

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷದ ವಿದ್ಯಾರ್ಥಿನಿ. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಲಿನಕ್ಸ್‌ ಅನ್ನು ಸಾವಿರಾರು ಜನ ಸೇರಿ ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಡುತ್ತಾರೆ ಎಂದಾಗ ನಮ್ಮ ತಂದೆ, "ಹಾಗಾದರೆ ಅವರ ಮನೆ ನಡೆಯುವುದು ಹೇಗಮ್ಮಾ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ದಯವಿಟ್ಟು ತಿಳಿಸಿ ಸರ್.

ಉತ್ತರ: ಅರ್ಥಶಾಸ್ತ್ರಜ್ಞರಾದ ಜೋಶ್ ಲರ್ನರ್ ಮತ್ತು ಜಾನ್ ಟಿರೋಲ್ 2002ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಎತ್ತಿಕೊಂಡದ್ದೂ ಬಹುಮಟ್ಟಿಗೆ ನಿಮ್ಮ ತಂದೆಯವರ ಪ್ರಶ್ನೆಯನ್ನೇ. ಕಂಪನಿಯೊಳಗೆ ಬರೆದ ಕೋಡ್ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ; ಯಾರು ಬೇಕಾದರೂ ನೋಡಿ, ತಿದ್ದಿ, ಬಳಸಬಹುದಾದ ಮುಕ್ತ ತಂತ್ರಾಂಶಕ್ಕೆ ಬರೆದದ್ದಾದರೋ ಬರೆದವರ ಹೆಸರಿನೊಂದಿಗೆ ಎಲ್ಲರೆದುರು ಇರುತ್ತದೆಯಾದ್ದರಿಂದ, ಇಂದು ಸಂಬಳವಿಲ್ಲದೆ ಮಾಡಿದ ಕೆಲಸ ನಾಳೆ ನೌಕರಿ ಕೇಳುವಾಗ ಸಾಕ್ಷಿಯಾಗಿ ನಿಲ್ಲುತ್ತದೆ. ತನಗೇ ತೊಡಕಾಗಿದ್ದ ದೋಷವನ್ನು ಸರಿಪಡಿಸಿಕೊಂಡು, ಆ ತಿದ್ದುಪಡಿಯನ್ನು (ಪ್ಯಾಚ್) ಇತರರಿಗೂ ಕೊಡುವವರು ಇದ್ದೇ ಇದ್ದಾರೆ.

ಆದರೆ ಲಿನಕ್ಸ್ ಮಟ್ಟಿಗೆ 'ಪುಕ್ಕಟೆ ದುಡಿಮೆ' ಎಂಬ ಮಾತೇ ಈಗ ಸಲ್ಲುವುದಿಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅದನ್ನು ಹವ್ಯಾಸಕ್ಕೆಂದು ಆರಂಭಿಸಿದ್ದು ನಿಜ. ಇಂದು ಅದರ ತಿರುಳಾದ ಕರ್ನಲ್ ಸೇರುವ ಬದಲಾವಣೆಗಳಲ್ಲಿ ಹೆಚ್ಚಿನವು ಇಂಟೆಲ್, ರೆಡ್ ಹ್ಯಾಟ್, ಗೂಗಲ್‌ನಂಥ ಕಂಪನಿಗಳಲ್ಲಿ ಸಂಬಳ ಪಡೆಯುವವರು ಬರೆದಂಥವು. ಯಂತ್ರದ ಭಾಗಗಳು ಲಿನಕ್ಸ್‌ನೊಡನೆ ಕೆಲಸ ಮಾಡುವಂತೆ ನಾನು ಡ್ರೈವರ್ ಎಂಬ ತಂತ್ರಾಂಶ ಬರೆಯುವುದೂ ಸಂಬಳಕ್ಕೇ. ಚಿಪ್ ಮಾರುವವರಿಗೆ, ಅದರ ಮೇಲೆ ಓಡುವ ತಂತ್ರಾಂಶ ಅಗ್ಗವಾದಷ್ಟೂ ವ್ಯಾಪಾರ ಹೆಚ್ಚು. ಐಬಿಎಂ 2001ರ ಒಂದೇ ವರ್ಷದಲ್ಲಿ ಲಿನಕ್ಸ್‌ಗೆ 100 ಕೋಟಿ ಡಾಲರ್ ತೊಡಗಿಸುವುದಾಗಿ ಘೋಷಿಸಿದಾಗ, ಅದರ ಲೆಕ್ಕವಿದ್ದದ್ದು ತನ್ನ ಸರ್ವರ್‌ಗಳು ಮತ್ತು ಸೇವೆಗಳ ಮಾರಾಟದಲ್ಲಿ.

ಮರುಪ್ರಶ್ನೆ: ಹಾಗಿದ್ದರೆ ಎಲ್ಲ ಮುಕ್ತ ತಂತ್ರಾಂಶಕ್ಕೂ ಯಾರಾದರೊಬ್ಬರು ಹಣ ಕೊಡುತ್ತಿರುತ್ತಾರೆಯೇ ಸರ್?

ಉತ್ತರ: ಇಲ್ಲ, ನನ್ನನ್ನು ಕಾಡುವುದೂ ಅದೇ. ಊರ ಕೆರೆಯ ನೀರು ಎಲ್ಲರಿಗೂ ಬೇಕು, ಹೂಳೆತ್ತುವ ಸರದಿ ಮಾತ್ರ ಯಾರದೂ ಅಲ್ಲ. ಅಂತರಜಾಲದ ಅಸಂಖ್ಯ ತಾಣಗಳ ಗೋಪ್ಯತೆಯನ್ನು ಕಾಯುವ ಓಪನ್ ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾದಾಗ, ಅದರ ಪ್ರತಿಷ್ಠಾನಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರ ಎಂಬುದು ತಿಳಿದುಬಂತು. ದೊಡ್ಡ ಕಂಪನಿಗಳು ಒಟ್ಟುಗೂಡಿ ಇಂಥ ತಂತ್ರಾಂಶಗಳಿಗೆಂದು ನಿಧಿ ಸ್ಥಾಪಿಸಿದ್ದು ಅನಂತರ. ಆದರೂ ಹತ್ತು ವರ್ಷ ಕಳೆದು, 2024ರ ಮಾರ್ಚ್‌ನಲ್ಲಿ, ಬಹುಕಾಲ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಂಡು ಬಂದಿದ್ದ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದಲ್ಲಿ ಕಳ್ಳದಾರಿಯಲ್ಲಿ ಒಳನುಗ್ಗಲು ಇಟ್ಟ ಗುಪ್ತ ಹಿಂಬಾಗಿಲು ಪತ್ತೆಯಾಯಿತು. ಅದನ್ನಿಟ್ಟದ್ದು ವರ್ಷಗಟ್ಟಲೆ ನೆರವು ನೀಡುತ್ತಾ ಆ ದಣಿದ ನಿರ್ವಾಹಕರ ನಂಬಿಕೆ ಗಳಿಸಿಕೊಂಡಿದ್ದ ಸಹಾಯಕನೇ.