ಮನೆಯಲ್ಲೇ ಅಂಕ ತುಂಬುವ ಕೆಲಸ, ಎಡಗೈ ಕಿರುಬೆರಳು ಜುಮ್ ಅನ್ನುತ್ತಿದೆ. ಏನು ಮಾಡಲಿ?

ನವನಗರದ ಅಕ್ಕ, ಬಾಗಲಕೋಟೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಒಂದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಪ್ರಥಮ ದರ್ಜೆ ಸಹಾಯಕಿ. 2020ರ ಲಾಕ್‌ಡೌನ್‌ನಲ್ಲಿ ಕಚೇರಿ ಲ್ಯಾಪ್‌ಟಾಪ್ ಮನೆಗೆ ಬಂತು. ಆಮೇಲೆ ಕಚೇರಿ ತೆರೆದರೂ ಮನೆಯಲ್ಲಿ ಕಚೇರಿ ಕೆಲಸ ಮಾಡುವುದು ನಿಲ್ಲಲಿಲ್ಲ. ಫಲಿತಾಂಶದ ಟೈಮಿನಲ್ಲಿ ಅಂಕ ತುಂಬುವುದು, ತಾಳೆ ನೋಡುವುದು ಎಲ್ಲಾ ರಾತ್ರಿ ಮತ್ತು ರವಿವಾರ.

ಮೊದಲು ಚೌರಂಗದ ಮೇಲೆ ಲ್ಯಾಪ್‌ಟಾಪ್ ಇಟ್ಟು, ಚಾಪೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದೆ. ಸೊಂಟ ಹಿಡಿಯಿತು. ಈಗ ಊಟದ ಟೇಬಲ್. ಅದರ ಎತ್ತರ 75 ಸೆಂ.ಮೀ., ನಾನು ಐದಡಿ. ಕೂತರೆ ಭುಜ ಕಿವಿಯ ಹತ್ತಿರ ಏರುತ್ತೆ. ಎಡಗೈಯಲ್ಲಿ ಅಂಕಪಟ್ಟಿ ಹಿಡಿದು, ಮೊಣಕೈ ಟೇಬಲ್ ಅಂಚಿಗೆ ಊರಿ, ಬಲಗೈಯಲ್ಲಿ ಅಂಕ ಒತ್ತುತ್ತೇನೆ. ಎರಡು ತಾಸು ಕಳೆದರೆ ಎಡಗೈ ಕಿರುಬೆರಳು, ಉಂಗುರ ಬೆರಳು ಜುಮ್ ಅನ್ನುತ್ತವೆ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಆ ಕೈ ರೊಟ್ಟಿ ತಿರುಗಿಸಲು ಒಪ್ಪುವುದಿಲ್ಲ.

ನಡುವೆ ಏಳಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಎದ್ದು ಬಂದು ಮತ್ತೆ ಕೂತಾಗ 46 ಇದ್ದದ್ದು 64 ಆದರೆ, ಇಲ್ಲಾ 64 ಇದ್ದದ್ದು 46 ಆದರೆ ಒಬ್ಬ ಹುಡುಗಿಯ ಕ್ಲಾಸೇ ಬದಲಾಗುತ್ತೆ. ಹಾಗಾಗಿ ಏಳಲು ಭಯ.

ಇದು ಕುತ್ತಿಗೆಯಿಂದ ಬಂದಿದ್ದಾ, ಕೈಯದ್ದಾ? ಕಚೇರಿಯಲ್ಲಿ ಕುರ್ಚಿ ಕೇಳಿದ್ದಕ್ಕೆ "ಮನೆಗೆಲ್ಲಾ ಕುರ್ಚಿ ಕೊಡೋಕಾಗಲ್ಲಮ್ಮ" ಅಂದರು. ಕೆಲಸ ಕಚೇರಿಯದ್ದೇ ಅಲ್ವಾ?

ಫಿಜಿಯೋ, ವಿಜಯಪುರ

ಮೇಡಂ, ಆ ಎರಡೇ ಬೆರಳು ಅಂದಿರಲ್ಲ, ಮೊದಲ ಅನುಮಾನ ಮೊಣಕೈ ಮೇಲೆ. ಮೊಣಕೈ ಒಳಬದಿಯ ಮೂಳೆಯ ಹಿಂದೆ ಅಲ್ನಾರ್ ನರ ಚರ್ಮದ ಕೆಳಗೇ ಹಾದುಹೋಗುತ್ತೆ. ಬಾಗಿಲಿಗೆ ಮೊಣಕೈ ತಾಗಿದಾಗ ಕರೆಂಟ್ ಹೊಡೆದ ಹಾಗಾಗುವುದು ಅದರಿಂದಲೇ. ಕೈ ಮಡಚಿದಾಗ ಆ ನರ ಎಳೆಯುತ್ತೆ, ಗಟ್ಟಿ ಅಂಚು ಅದನ್ನು ಒತ್ತುತ್ತೆ. ನಿಮ್ಮಲ್ಲಿ ಎರಡೂ ಒಟ್ಟಿಗೆ ಆಗುತ್ತಿದೆ. ಹೆಬ್ಬೆರಳು, ತೋರುಬೆರಳು ಜುಮ್ ಅಂದಿದ್ದರೆ ಮಣಿಕಟ್ಟು ನೋಡುತ್ತಿದ್ದೆ. ಮೇಲೆ ನೋಡಿ ಎಡಕ್ಕೆ ತಿರುಗಿದಾಗ ಕೈಗೆ ಜುಮ್ ಇಳಿದರೆ ಕುತ್ತಿಗೆಯದ್ದೂ ಇರಬಹುದು, ಆಗ ತೋರಿಸಿಕೊಳ್ಳಿ.

ಅಂಕಪಟ್ಟಿ ಕೈಯಲ್ಲಿ ಹಿಡಿಯುವುದನ್ನು ಇವತ್ತೇ ಬಿಡಿ. ಮಕ್ಕಳ ಪರೀಕ್ಷೆ ಪ್ಯಾಡಿಗೆ ಕ್ಲಿಪ್ ಮಾಡಿ ಸ್ಕ್ರೀನ್ ಪಕ್ಕ ನಿಲ್ಲಿಸಿ. ಲ್ಯಾಪ್‌ಟಾಪನ್ನು ದಪ್ಪ ಪುಸ್ತಕಗಳ ಮೇಲೆ ಏರಿಸಿ, ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಲಿ. ಬೇರೆ ಕೀಬೋರ್ಡ್ ಹಾಕಿ. ಲ್ಯಾಪ್‌ಟಾಪಿನ ತೊಂದರೆ ಇಲ್ಲೇ ಇದೆ. ಸ್ಕ್ರೀನ್ ಕಣ್ಣಿಗೆ ಸರಿಹೋದರೆ ಕೀ ಕೈಗೆ ಸರಿಹೋಗಲ್ಲ, ಕೀ ಸರಿಹೋದರೆ ಕುತ್ತಿಗೆ ಬಗ್ಗುತ್ತೆ. ಇವೆರಡನ್ನು ಬೇರೆ ಮಾಡದೆ ಎಷ್ಟು ದುಬಾರಿ ಕುರ್ಚಿ ತಂದರೂ ಸುಮ್ನೆ ದುಡ್ಡು ದಂಡ.

ಖಣದ ಊರಿನವ, ಗುಳೇದಗುಡ್ಡ

ಅಕ್ಕಾ, ನಮ್ಮಪ್ಪ ಕುಣಿ (ಗುಂಡಿ) ಮಗ್ಗದಲ್ಲಿ ಖಣ, ಅಂದರೆ ರವಿಕೆ ಬಟ್ಟೆ, ನೇಯುತ್ತಾರೆ. ನೋಡುವವರಿಗೆ ನೆಲದ ಮೇಲೆ ಕೂತ ಹಾಗೆ ಕಾಣುತ್ತೆ. ಆದರೆ ಕಾಲು ಕುಣಿಯೊಳಗೆ ಇಳಿಬಿಟ್ಟಿರುತ್ತಾರೆ, ಪಾದ ಕೆಳಗಿನ ತುಳಿಹಲಗೆ ಮೇಲೆ ಇರುತ್ತೆ. ಚಕ್ಕಳಮಕ್ಕಳ ಹಾಕಿದಾಗ ಸೊಂಟ ಹಿಂದಕ್ಕೆ ಬಾಗುವಷ್ಟು ಇಲ್ಲಿ ಬಾಗಲ್ಲ. ನಿಮ್ಮ ಕುರ್ಚಿ ಮೇಲೆ ಗಟ್ಟಿ ದಿಂಬು ಹಾಕಿ, ಮೊಣಕೈ ಟೇಬಲ್ ಮಟ್ಟಕ್ಕೆ ಬರುವಷ್ಟು ಏರಿ. ಆಗ ಕಾಲು ನೇತಾಡುತ್ತೆ, ಕೆಳಗೆ ಒಂದು ಮಣೆ ಇಡಿ. ಮಣೆ ಮರೆತರೆ ತೊಡೆ ಜೋಮು ಹಿಡಿಯುತ್ತೆ.

ಇಷ್ಟಿದ್ದರೂ ಅಪ್ಪನಿಗೆ ಬೆನ್ನುನೋವು ತಪ್ಪಿಲ್ಲ. ಒಂದೇ ಕಡೆ ಕೂತರೆ ಯಾವ ಮೈಯೂ ತಡೆಯಲ್ಲ. ಲಾಳಿಯೊಳಗಿನ ನೂಲಿನ ಕಂಡಿಕೆ ಖಾಲಿಯಾದಾಗಲೆಲ್ಲಾ ಅವರು ಲಾಳಿ ಬಿಟ್ಟು ಬೆನ್ನು ನೆಟ್ಟಗೆ ಮಾಡುತ್ತಾರೆ. ನೀವೂ ಗಡಿಯಾರ ನೋಡಬೇಡಿ. ಒಂದು ಹಾಳೆ ಮುಗಿಯಿತಾ, ಎದ್ದುಬಿಡಿ. ಹಾಳೆ ನಡುವೆ ಬಿಡದಿದ್ದರೆ ಅಂಕ ತಪ್ಪುವ ಭಯವೂ ಇಲ್ಲ.

ನಿಮ್ಮ ಹಾಗೇ ಗುಮಾಸ್ತೆ, ಬೆಳಗಾವಿ

ಕೀಬೋರ್ಡ್ ತರುವಾಗ ಒಂದು ಮಾತು. ಅಂಕ ತುಂಬುವವರಿಗೆ ಬಲಗಡೆ ನಂಬರ್ ಪ್ಯಾಡ್ ಇರಲೇಬೇಕು. ಆದರೆ ಮೌಸ್ ಅದರಾಚೆ ಹೋಗುತ್ತೆ, ಕೈ ಚಾಚಿ ಚಾಚಿ ಬಲ ಭುಜ ಹಿಡಿಯುತ್ತೆ. ನಾನು ಮೌಸ್ ಎಡಗೈಗೆ ಹಾಕಿಕೊಂಡೆ. ಮೊದಮೊದಲು ಕಷ್ಟ, ಆಮೇಲೆ ರೂಢಿ. ನಿಮ್ಮದು ಎಡಗೈ ನೋವು, ಹಾಗಾಗಿ ಈಗಲೇ ಬೇಡ.

ಕುರ್ಚಿ ಬಗ್ಗೆ ನಿಮ್ಮ ಸಿಟ್ಟು ನ್ಯಾಯದ್ದೇ. ನಮ್ಮಲ್ಲಿ ಪೀಠೋಪಕರಣ ಗೇಟು ದಾಟಿಸಲು ದಾಸ್ತಾನು ರಿಜಿಸ್ಟರ್, ಮೇಲಿನವರ ಸಹಿ, ಏನೆಲ್ಲಾ ಬೇಕು. ಕೀಬೋರ್ಡ್, ಮೌಸ್ ಕಂಪ್ಯೂಟರ್ ಬಿಡಿಭಾಗದ ಲೆಕ್ಕದಲ್ಲಿ ಸ್ಟೋರಿನಿಂದ ಇಂಡೆಂಟ್ (ಬೇಡಿಕೆ ಚೀಟಿ) ಮೇಲೆ ಸಿಗುತ್ತವೆ. ಮೊದಲು ಅದನ್ನು ಬರೆಯಿರಿ. ಕುರ್ಚಿಯನ್ನು ಒಬ್ಬರೇ ಬಾಯಲ್ಲಿ ಕೇಳಬೇಡಿ. ವಿಭಾಗದವರೆಲ್ಲಾ ಸೇರಿ ಬರವಣಿಗೆಯಲ್ಲಿ ಕೊಡಿ, ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ನವನಗರದ ಅಕ್ಕ

ಎಲ್ಲರಿಗೂ ಮನಸಾರೆ ಧನ್ಯವಾದ. ಇಂಡೆಂಟ್ ಬರೆದಿದ್ದೇನೆ. ದಿಂಬು, ಮಣೆ ಹಾಕಿದ ಮೇಲೆ ಭುಜ ಕೆಳಗಿಳಿದಿದೆ. ಬೆರಳಿನ ಜುಮ್ ಮಾತ್ರ ಹಾಗೇ ಇದೆ. ಫಿಜಿಯೋ ಸರ್, ಎಷ್ಟು ದಿನ ಕಾಯಲಿ?

ಫಿಜಿಯೋ, ವಿಜಯಪುರ

ನರ ನಿಧಾನಕ್ಕೆ ಸುಧಾರಿಸುತ್ತೆ ಮೇಡಂ, ಕೆಲವು ವಾರ ಬೇಕು. ರಾತ್ರಿ ಕೈ ಮಡಚಿ ಮಲಗುವ ಅಭ್ಯಾಸ ಇದ್ದರೆ ಮೊಣಕೈಗೆ ಟವೆಲ್ ಸಡಿಲವಾಗಿ ಸುತ್ತಿಕೊಳ್ಳಿ, ಪೂರ್ತಿ ಮಡಚಲು ಬರಲ್ಲ. ಹಿಡಿತ ಸಡಿಲವಾಗಿ ಕೈಯಿಂದ ವಸ್ತು ಜಾರಿದರೆ, ಅಥವಾ ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಮಾಂಸ ಇಳಿದ ಹಾಗೆ ಕಂಡರೆ ಕಾಯಬೇಡಿ. ಮೂಳೆ ಅಥವಾ ನರರೋಗ ವೈದ್ಯರ ಹತ್ತಿರ ಹೋಗಿ, ನರದ ವೇಗ ಅಳೆಯುವ ಪರೀಕ್ಷೆ ಬಗ್ಗೆ ಕೇಳಿ.